ಖಾಲಿ ಡಬ್ಬಿ

"ಹನ್ನೊಂದು ನಿಮಿಷ! ನೋಡ್ರಿ, ಈ ಸೂಳಿಮಗನ ಮಜಾ ನೋಡ್ರಿ. ಹನ್ನೊಂದು ನಿಮಿಷ ಕುಂಡಿ ಊರ್ಯಾನ, ಮಾವನ ಮನಿಗೆ ಅಳಿಯ ಬಂದು ಕುಂತಂಗ!"

ಅಂಗಡಿಯ ಸಣ್ಣ ಧಣಿ ಕೊಟ್ರೇಶ ಮೊಬೈಲನ್ನು ಎತ್ತಿ ಹಿಡಿದಿದ್ದ. ಬ್ಯಾಡಗಿಯ ಗುರುವಾರದ ಪೇಟೆ. ಅಂಗಡಿಯ ಕಟ್ಟೆಯ ಮೇಲೆ ಚಹಾ ಹೀರುತ್ತ ಕುಳಿತಿದ್ದ ಗುಂಟೂರಿನ ಇಬ್ಬರು ಖರೀದಿದಾರರು, ತೂಕದವನು, ಲಾರಿ ಡ್ರೈವರು, ಸಾಲಾಗಿ ಚೀಲ ಹೊತ್ತು ಬರುತ್ತಿದ್ದ ಹಮಾಲರು, ಎಲ್ಲರ ಕತ್ತೂ ಒಮ್ಮೆಲೇ ಅತ್ತ ಹೊರಳಿದವು. ಅವರಲ್ಲೊಬ್ಬನಾದ ಜಟ್ಟೆಪ್ಪನ ಬೆನ್ನ ಮೇಲೆ ಮೆಣಸಿನಕಾಯಿ ಚೀಲ ಹಾಗೇ ಇತ್ತು. ಇಳಿಸು ಎಂದು ಯಾರೂ ಹೇಳಲಿಲ್ಲ, ಅವನು ಇಳಿಸಲಿಲ್ಲ.

"ಕಣ್ಣಾಗ ಖಾರ ಹೊಕ್ಕಿತ್ರಿ," ಎಂದ.

"ಖಾರ ಆಗೋ ಮಗ ಮೆಣಸಿನಕಾಯಿ ಪ್ಯಾಟ್ಯಾಗ ಯಾಕ ಬಿದ್ದೀಯಲೇ ಭಾಡ್ಯಾ? ಬೆಲ್ಲದ ಗಾಣಕ್ಕ ಹೋಗು, ನೊಣ ಹೊಡಿ. ಇಲ್ನೋಡ್ರಿ ಸಾವಕಾರ್ರ, ಅಂಗೀನೂ ಬಿಚ್ಚಿದ! ಎಮ್ಮಿ ಹೊಂಡಕ್ಕ ಬಿದ್ದಂಗ ಮೈ ತೊಳಕೊಳ್ಳಾಕತ್ತಾನ!"

ಗುಂಟೂರಿನವರು ನಕ್ಕರು. ಅವರಿಗೆ ಮಾತು ತಿಳಿದಿತ್ತೋ ಇಲ್ಲವೋ, ಚಿತ್ರ ತಿಳಿದಿತ್ತು. ತೂಕದವನು ನಕ್ಕ. ಕೊನೆಗೆ ಹಮಾಲರೂ ನಕ್ಕರು. ನಗದೆ ನಿಂತರೆ ನಾಳೆ ತಮ್ಮ ಹನ್ನೊಂದು ನಿಮಿಷವೂ ಆ ಮೊಬೈಲಿನಿಂದ ಹೊರಬಿದ್ದೀತೆಂಬ ಅಂಜಿಕೆ ಅವರಿಗೆ.

"ನೋಡಲೇ, ನಿನ್ನ ಸಿನಿಮಾ ನೀನೂ ನೋಡು," ಎಂದು ಕೊಟ್ರೇಶ ಅದನ್ನು ಅವನ ಮೂಗಿನ ಮುಂದೆ ತಂದ.

ಜಟ್ಟೆಪ್ಪ ನೋಡಿದ. ಮೊದಲು ಕಂಡದ್ದು ಅವನದೇ ನೆತ್ತಿಯ ಸುಳಿ. ಹುಟ್ಟಿದಾಗಿನಿಂದ ಅವನೇ ಅದನ್ನು ನೋಡಿರಲಿಲ್ಲ. ಪಕ್ಕದಲ್ಲಿ ನೀಲಿ ಡ್ರಮ್ಮು, ಅದರ ಒಡೆದ ಕೆಂಪು ಮುಚ್ಚಳ. ತಗಡಿನ ಮೊಳೆಗೆ ನೇತುಬಿದ್ದ ಮುದುಕಿ ಶೇಖವ್ವನ ಕೊಬ್ಬರಿ ಎಣ್ಣೆಯ ಬಾಟಲಿ.

ಮೂಲೆ. ಹೆಂಗಸರ ಮೂಲೆ.

ಕೊಟ್ರೇಶನ ಹೆಬ್ಬೆರಳು ಜಾರಿತೋ ಏನೋ, ಅವನ ಸಿನಿಮಾ ಸರಿದು ಸಣ್ಣ ಸಣ್ಣ ಚೌಕಗಳ ಒಂದು ಸಾಲು ಬಂತು. ಎಲ್ಲದರಲ್ಲೂ ಅದೇ ಡ್ರಮ್ಮು, ಅದೇ ಮುಚ್ಚಳ. ಒಂದರಲ್ಲಿ ಹಸಿರು ಸೀರೆ. ಕೊಟ್ರೇಶ ಮೊಬೈಲನ್ನು ತಟ್ಟನೆ ಹಿಂದಕ್ಕೆಳೆದುಕೊಂಡು ಕಿಸೆಗೆ ಸೇರಿಸಿದ.

ಜಟ್ಟೆಪ್ಪನ ಬೆನ್ನ ಮೇಲಿನ ಚೀಲ ಜಾರಿ ಬಿತ್ತು. ಹೊಲಿಗೆ ಬಿಚ್ಚಿ ಕೆಂಪು ಕಾಯಿ ಕಟ್ಟೆಯ ತುಂಬ ಹರಡಿತು. ಇನ್ನೊಂದು ಸಲ ಎಲ್ಲರೂ ನಕ್ಕರು.

*

ಮೂರು ತಿಂಗಳ ಹಿಂದೆ, ದೀಪಾವಳಿಯ ಮುಂದೆ, ಅಂಗಡಿಯ ಗೋದಾಮಿಗೆ ಕ್ಯಾಮೆರಾ ಹಾಕಿಸಿದ್ದರು. ಹಾಕಲು ಬಂದವನು ರಾಣೆಬೆನ್ನೂರಿನ ಅಬ್ದುಲರಜಾಕ. ನಿಚ್ಚಣಿಕೆ ಹಿಡಿದು, ಗೋಡೆ ಕೊರೆದು, ವೈರ್ ಎಳೆದವನು ಜಟ್ಟೆಪ್ಪ. ಎಂಟನೇ ಇಯತ್ತೆಗೆ ಸಾಲೆ ಬಿಟ್ಟವನಿಗೆ ವೈರ್ ಎಳೆಯುವುದೆಂದರೆ ಒಂದು ಮೆಟ್ಟಿಲು ಮೇಲೇರಿದ ಹಾಗೆ. ಆರು ಕ್ಯಾಮೆರಾ ಆಯಿತು. ಗೇಟಿನದಕ್ಕೆ ಕಣ್ಣಿನ ಜೊತೆ ಬಾಯಿಯೂ ಇತ್ತು. ಮೊದಲ ದಿನ ಅದರೊಳಗಿಂದ "ಏ ಶೇಖವ್ವ, ಲಗೂ ಲಗೂ" ಎಂದು ಕೊಟ್ರೇಶನ ದನಿ ಬಂದಾಗ ಮುದುಕಿ ಗಾಬರಿಯಾಗಿ ಗೋಡೆಗೆ ಕೈಮುಗಿದು "ಬಂದೇರಿ ಧಣಿ" ಅಂದಿದ್ದಳು. ಅಂದಿನಿಂದ ಹೆಂಗಸರು ಅದಕ್ಕೆ ಗ್ವಾಡಿಯಪ್ಪ ಎಂದು ಹೆಸರಿಟ್ಟರು. ಸಣ್ಣ ಧಣಿ ಹಾವೇರಿಯ ಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಲೇ ಇಲ್ಲಿ ಬೈಯುತ್ತಿದ್ದ. ಒಮ್ಮೊಮ್ಮೆ ಚಮಚದ ಸದ್ದೂ ಕೇಳುತ್ತಿತ್ತು.

ಏಳನೆಯದನ್ನು ರಜಾಕ ನಮಾಜಿಗೆ ಹೋದಾಗ ಕೊಟ್ರೇಶನೇ ಡಬ್ಬಿಯಿಂದ ತೆಗೆದುಕೊಟ್ಟ. ಬಿಳಿ ಬಲ್ಬಿನಂಥದ್ದು. ಮೂಲೆಯಲ್ಲಿದ್ದ ದೀಪ ತೆಗೆದು, ಆ ಹೋಲ್ಡರಿಗೆ ಇದನ್ನು ತಿರುವಬೇಕು, ಅಷ್ಟೇ.

"ಇದರ ವೈರ್ ಎಲ್ಲೈತ್ರಿ?" ಎಂದು ಜಟ್ಟೆಪ್ಪ ಕೇಳಿದ್ದ.

"ಇದಕ್ಕ ವೈರಿಲ್ಲೋ. ಖಾಲಿ ಡಬ್ಬಿ. ಹೊಲದಾಗ ಬೆದರಗೊಂಬಿ ನಿಲ್ಲಸ್ತೀರಲ್ಲ, ಹಂಗ."

ಬೆದರುಗೊಂಬೆ ಅಂದ ಮೇಲೆ ಜಟ್ಟೆಪ್ಪನಿಗೆ ತಿಳಿಯದ್ದು ಏನೂ ಉಳಿಯಲಿಲ್ಲ. ಕಾಗಿನೆಲೆ ದಾರಿಯ ಪ್ರತಿ ಹೊಲದಲ್ಲೂ ಒಂದು ನಿಂತಿರುತ್ತದೆ. ಮಸಿ ಬಳಿದ ಗಡಿಗೆಗೆ ಸುಣ್ಣದ ಬೊಟ್ಟಿಟ್ಟರೆ ಕಣ್ಣು. ಅದು ಹಕ್ಕಿಗೆ ಕಾಣಬೇಕು, ಅದಕ್ಕೇನೂ ಕಾಣುವುದಿಲ್ಲ. ನಗುತ್ತಲೇ ತಿರುವಿ ಬಂದಿದ್ದ.

ಆ ಮೂಲೆ ಹೆಂಗಸರದು. ದಿನವಿಡೀ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವವರ ಮೈಯಲ್ಲಿ ಖಾರ ಹೊಗದ ಜಾಗವಿಲ್ಲ. ಬೆವರಿನ ಜೊತೆ ಹುಡಿ ರವಿಕೆಯೊಳಗೆ ಇಳಿಯುತ್ತದೆ, ಸೊಂಟದ ಕೆಳಗೂ ಇಳಿಯುತ್ತದೆ. ಬೆಂಕಿ ಹತ್ತಿದ ಹಾಗೆ ಉರಿಯುತ್ತದೆ. ಆಗ ಒಬ್ಬೊಬ್ಬಳೇ ಎದ್ದು ಎರಡು ತಗಡಿನ ಮರೆಗೆ ಹೋಗಿ, ಡ್ರಮ್ಮಿನ ನೀರಿನಿಂದ ಮೈ ತೊಳೆದು ಶೇಖವ್ವನ ಬಾಟಲಿಯ ಎಣ್ಣೆ ಸವರಿಕೊಂಡು ಬರುತ್ತಾಳೆ. ಅವರ ತಾಯಂದಿರೂ ಅಲ್ಲೇ ಸವರಿಕೊಂಡವರು.

ಬಿಳಿ ಬಲ್ಬು ಬಂದ ಮೇಲೆ ಎರಡು ದಿನ ಯಾರೂ ಅತ್ತ ಸುಳಿಯಲಿಲ್ಲ. ಕಂಪೌಂಡಿನ ಹಿಂದೆ ಹೋದರು. ಅಲ್ಲಿ ಲಾರಿಯವರು ಸೀಟಿ ಹೊಡೆದರು. ಮೂರನೇ ದಿನ ಗಂಗಾ, ಮೋಟೆಬೆನ್ನೂರಿನಿಂದ ಬರುವವಳು, ಎರಡು ಮಕ್ಕಳ ತಾಯಿ, ಉರಿ ತಡೆಯಲಾರದೆ ತುಟಿ ಕಚ್ಚಿ ಅಳುತ್ತ ಕೂತಿದ್ದಾಗ ಜಟ್ಟೆಪ್ಪನೇ ಹೋಗಿ ಹೇಳಿದ್ದ:

"ಅದು ಕುಲ್ಡೈತಿ ಬೇ ಅಕ್ಕ, ಕಣ್ಣಿಲ್ಲ ಅದಕ್ಕ. ವೈರಿಲ್ಲ, ಏನಿಲ್ಲ. ನಾನ ಕೈಯಾರ ತಿರುವೇನಿ."

"ಖರೇ ಜಟ್ಟಣ್ಣ?"

"ಸತ್ತ ನಮ್ಮವ್ವನಾಣಿ."

ಗಂಗಾ ಎದ್ದು ಹೋಗಿದ್ದಳು. ಹಸಿರು ಸೀರೆ ತಗಡಿನ ಮರೆಯಾದದ್ದು ಅವನಿಗೆ ಈಗಲೂ ನೆನಪಿದೆ. ಆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವನ ಅಂಗೈಗೆ ಎರಡು ರೊಟ್ಟಿ ಹೆಚ್ಚಿಗೆ ಬಿದ್ದಿದ್ದವು. ತಾಯಿ ಸತ್ತ ಮೇಲೆ ಅವನು ಕಾಕಾನ ಮನೆಯ ಪಡಸಾಲೆಯಲ್ಲಿ ಮಲಗುವವನು. "ಉಂಡ್ಯಾ?" ಎಂದು ಕೇಳುವ ಬಾಯಿ ಈ ಲೋಕದಲ್ಲಿ ಉಳಿದಿದ್ದರೆ ಅದು ಆ ಹೆಂಗಸರ ಸುತ್ತಿನಲ್ಲೇ.

*

ಗುರುವಾರ ಕೆಲಸ ಬಿಟ್ಟವನೇ ಅವನು ರಾಣೆಬೆನ್ನೂರಿನ ಬಸ್ಸು ಹತ್ತಿದ. ರಜಾಕ ಅಂಗಡಿಯಲ್ಲಿ ಯಾರದೋ ಟಿವಿ ಬಿಚ್ಚಿಕೊಂಡು ಕೂತಿದ್ದ.

"ಬಲ್ಬಿನಂಥಾದ್ದೇನು? ಹೋಲ್ಡರಿನಾಗ ತಿರುವೂದು?"

"ಹೂಂ. ವೈರಿಲ್ಲದ್ದು."

ರಜಾಕ ಇಕ್ಕಳ ಕೆಳಗಿಟ್ಟ. "ಹೋಲ್ಡರಿನಾಗ ತಿರುವಿದಿ ಅಂದ್ರ ಕರೆಂಟ್ ನೀನ ಕೊಟ್ಟಿ ಆತಲ್ಲೋ ಹುಚ್ಚ. ಉಳದದ್ದೆಲ್ಲಾ ಗಾಳ್ಯಾಗ ಹೊಕ್ಕೈತಿ. ವೈರ್ ಯಾಕ ಬೇಕು? ನಿನ್ನ ಮೊಬೈಲಿಗೆ ವೈರ್ ಐತೇನು?"

ಜಟ್ಟೆಪ್ಪ ಕಿಸೆ ಮುಟ್ಟಿಕೊಂಡ. ಅವನ ಕಿಸೆಯಲ್ಲೇ ಮೊಬೈಲಿತ್ತು. ಮೂರು ತಿಂಗಳು ಕಿಸೆಯಲ್ಲಿಟ್ಟುಕೊಂಡು ತಿರುಗಿದರೂ ತಲೆಗೆ ಹೊಳೆದಿರಲಿಲ್ಲ.

"ಯಾರ್ಯಾರು ನೋಡಬಹುದು?"

"ಪಾಸ್‌ವರ್ಡ್ ಇದ್ದವ್ರೆಲ್ಲಾ. ಒಬ್ಬಗ ಕೊಟ್ರ ಒಬ್ಬ, ಹತ್ತು ಮಂದಿಗೆ ಕೊಟ್ರ ಹತ್ತು ಮಂದಿ. ಹಾವೇರ್ಯಾಗ ಕುಂತೂ ನೋಡಬಹುದು, ದುಬೈನಾಗ ಕುಂತೂ ನೋಡಬಹುದು. ಕೇಳಬಹುದು, ಮಾತೂ ಆಡಬಹುದು."

"ಅಳಸಾಕ ಬರತೈತೇನು?"

"ಅದರಾಗ ಇದ್ದದ್ದು ಅಳಸಬಹುದು. ಮೊಬೈಲಿಗೆ ಇಳಿಸ್ಕೊಂಡಿದ್ರ?" ರಜಾಕ ಅವನ ಮುಖ ನೋಡಿ ಮಾತು ತಗ್ಗಿಸಿದ. "ಚೆಲ್ಲಿದ ನೀರು, ತಮ್ಮಾ. ಯಾವ ಗಟಾರದಾಗ ಹೋತೋ, ಯಾರಿಗೆ ಗೊತ್ತು?"

ಮರಳಿ ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ಅವನು ಕೂಡಲಿಲ್ಲ. ಚಾಲಕನ ತಲೆಯ ಮೇಲೆ ಒಂದು ಕರೀ ಗುಂಡು ಅಂಟಿಸಿದ್ದರು. ಅದು ಎತ್ತ ನೋಡುತ್ತಿದೆ ಎಂಬುದು ಯಾವ ಮಗ್ಗುಲಿಂದ ನೋಡಿದರೂ ತಿಳಿಯಲಿಲ್ಲ.

*

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲೇ, ಬಲ್ಬಿಗೆ ಕಣ್ಣಿದೆ ಎಂದು ಹೇಳಿಬಿಟ್ಟ. ಉಂಡ ಮೇಲೆ ಹೇಳಿದರೆ ಅವರ ರೊಟ್ಟಿ ತಿಂದು ಹೇಳಿದಂತಾಗುತ್ತದೆ ಎನಿಸಿತ್ತು.

ಹದಿನಾಲ್ಕು ಹೆಂಗಸರು, ಮೂಗು ಬಾಯಿಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಬರೀ ಕಣ್ಣು ಕಾಣುತ್ತಿದ್ದವು. ಅಷ್ಟು ಕಣ್ಣು ಒಟ್ಟಿಗೆ ಅವನನ್ನು ಎಂದೂ ನೋಡಿರಲಿಲ್ಲ.

"ನೀ ಏನ್ ಹೇಳಾಕತ್ತೀಯಂತ ನಿನಗರ ಗೊತ್ತೈತೇನು?" ಎಂದಳು ಶೇಖವ್ವ. ಇಡೀ ಗುಂಪಿಗೆ ಅವಳೇ ಹಿರಿಯಳು. ನಲವತ್ತು ವರ್ಷದಿಂದ ತುಂಬು ಮುರಿದು ಅವಳ ಉಗುರುಗಳೇ ಮೆಣಸಿನ ಬಣ್ಣಕ್ಕೆ ತಿರುಗಿದ್ದವು.

"ಗೊತ್ತೈತಿ ಚಿಗವ್ವ. ಸಣ್ಣ ಧಣಿ ಮೊಬೈಲಿನಾಗ ಸಾಲು ಹಿಡದು ಕಂಡೇನಿ."

"ಯಾರನ್ನ ಕಂಡಿ?"

ಅವನು ಗಂಗಾಳತ್ತ ನೋಡಲಿಲ್ಲ. ನೋಡದೆ ಇದ್ದದ್ದೇ ತಪ್ಪಾಯಿತು. ಗಂಗಾ ಸೆರಗನ್ನು ಕುತ್ತಿಗೆಯ ತನಕ ಎಳೆದುಕೊಂಡಳು. ಗೋದಾಮಿನ ಆ ಸೆಕೆಯಲ್ಲಿ.

ಶೇಖವ್ವ ಎದ್ದಳು. ಹಿಂದೆ ಎಲ್ಲರೂ ಎದ್ದರು. ಕೊಟ್ರೇಶನ ಅಪ್ಪ, ದೊಡ್ಡ ಧಣಿ ಶಂಕ್ರಪ್ಪ ಗಾದಿಯ ಮೇಲೆ ಹಣೆತುಂಬ ವಿಭೂತಿ ಧರಿಸಿ ಕೂತಿದ್ದ. ಮಾತನ್ನು ಪೂರ್ತಿ ಕೇಳಿ ಎರಡೂ ಕಿವಿ ಮುಟ್ಟಿಕೊಂಡ.

"ಶಿವ ಶಿವಾ! ನೀವು ನನ್ನ ಹೊಟ್ಟ್ಯಾಗ ಹುಟ್ಟಿದ ಮಕ್ಕಳಿದ್ದಂಗ. ಕೊಟ್ರೇಶಾ, ಬಾರೋ ಇಲ್ಲೆ!"

ಕೊಟ್ರೇಶ ಬಂದ. ಸಿಟ್ಟಾಗಲಿಲ್ಲ, ನಕ್ಕ. ಎಲ್ಲರನ್ನೂ ಮೂಲೆಗೆ ಕರೆದುಕೊಂಡು ಹೋಗಿ ಬಿಳಿ ಬಲ್ಬಿನ ಕೆಳಗೆ ನಿಂತು ಕೈ ಎತ್ತಿ ತೋರಿಸಿದ.

"ನೋಡ್ರೆವ್ವಾ, ವೈರ್ ಎಲ್ಲೈತಿ, ಹುಡುಕ್ರಿ. ಉಳದ ಆರಕ್ಕ ವೈರ್ ಐತೋ ಇಲ್ಲೋ? ಇದಕ್ಕೈತೇನು? ಖಾಲಿ ಡಬ್ಬಿ!"

"ಹಂಗಾದ್ರ ನಿನ್ನಿ ತೋರಿಸಿದ್ದು?" ಎಂದ ಜಟ್ಟೆಪ್ಪ.

"ಅದು ನಾ ಒಟ್ಟಿದ ಚೀಲದ ಥಪ್ಪಿ ಮ್ಯಾಲೆ ನಿಂತು ಮೊಬೈಲಿನಾಗ ಹಿಡದದ್ದು. ನೀ ಕೆಲಸ ಕದೀತೀ ಅಂತ." ಕೊಟ್ರೇಶ ಹೆಂಗಸರ ಕಡೆ ತಿರುಗಿದ. ದನಿ ಮೆತ್ತಗಾಯಿತು. "ಒಂದು ಮಾತು ಕೇಳ್ತೇನಿ, ನೀವ ಹೇಳ್ರಿ. ಗಂಡಸು ಮಗ ಇವ. ಹೆಂಗಸರ ಮೂಲ್ಯಾಗ ಹನ್ನೊಂದು ನಿಮಿಷ ಇವಗೇನು ಕೆಲಸ? ಅಂಗಿ ಬಿಚ್ಚಿ? ಯಾರ ದಾರಿ ಕಾಯತಿದ್ದ?"

ಗೋದಾಮಿನಲ್ಲಿ ನೀರಿನ ಡ್ರಮ್ಮು ಇರುವುದೇ ಅದೊಂದು ಎಂದು ಹೇಳಬೇಕೆಂದು ಜಟ್ಟೆಪ್ಪ ಬಾಯಿ ತೆರೆದ. ತಗಡಿನ ಮರೆ ಖಾಲಿ ಇದ್ದುದನ್ನು ಕೂಗಿ ಕೇಳಿಯೇ ಹೋಗಿದ್ದೆ ಎನ್ನಬೇಕೆಂದುಕೊಂಡ. ಆದರೆ ಹೆಂಗಸರ ಕಣ್ಣು ಆಗಲೇ ಬಲ್ಬಿನಿಂದ ಇಳಿದು ಅವನ ಮೇಲೆ ಬಂದು ಕೂತಿದ್ದವು.

"ಅವತ್ತ ಕುಲ್ಡ ಅಂದಿ," ಎಂದಳು ಗಂಗಾ. "ಸತ್ತ ತಾಯಿ ಆಣಿ ಮಾಡಿದಿ. ಇವತ್ತ ಕಣ್ಣೈತಿ ಅಂತೀ. ಯಾವ ಬಾಯಿ ನಂಬೂಣು ಜಟ್ಟಣ್ಣ?"

"ಇವತ್ತಿಂದು ನಂಬು ಬೇ."

"ಇವತ್ತಿಂದು ನಂಬಿದ್ರ ನಾ ಮನಿಗೆ ಹೆಂಗ ಹೋಗ್ಲಿ?"

ಅವಳು ಕಣ್ಣೊರೆಸಿಕೊಂಡು, ಬಲ್ಬಿಗೆ ಬೆನ್ನು ಮಾಡಿ, "ಖಾಲಿ ಡಬ್ಬೀನ ಐತಿ, ಬರ್ರೆವ್ವ," ಎಂದಳು. ಎಲ್ಲರೂ ಅವಳ ಹಿಂದೆ ಹೋದರು. ಅಂದು ಅವನ ಅಂಗೈಗೆ ರೊಟ್ಟಿ ಬೀಳಲಿಲ್ಲ. ಬುತ್ತಿಯ ಸುತ್ತು ಅವನು ಕೂಡುತ್ತಿದ್ದ ಜಾಗವನ್ನು ಮುಚ್ಚಿಕೊಂಡು ಕೂತಿತು.

*

ಶನಿವಾರ ದೂರಿನ ಅರ್ಜಿ ಬರೆದುಕೊಂಡು ಹಾವೇರಿಗೆ ಹೋದ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಕಳಿಸಿದರು. ಮೂರನೆಯದರಲ್ಲಿ ಒಬ್ಬ ಸಾಹೇಬ ಅರ್ಜಿಯ ಮೇಲಿನ ಅಕ್ಷರ ನೋಡಿ ಮೂಗು ಮುರಿದ.

"ಇದೇನು ಕನ್ನಡೇನೋ, ಇರುವೆ ಹರದಾಡ್ಯಾವೋ? ಎಷ್ಟನೇತ್ತೆ ಓದೀದಿ?"

"ಎಂಟು."

"ಕ್ಯಾಮೆರಾ ಇದ್ರ ನಿಮಗ ಛಲೋನ ಅಲ್ಲೇನೋ? ಕಳವು ಆಗಂಗಿಲ್ಲ, ಜಗಳ ಆಗಂಗಿಲ್ಲ. ನೋಡು, ನನ್ನ ತಲಿ ಮ್ಯಾಲೂ ಒಂದೈತಿ. ನಾ ಅತ್ತೇನು?"

"ನೀವು ಅದರ ಕೆಳಗ ಮೈ ತೊಳಕೊಳ್ಳಂಗಿಲ್ಲಲ್ರಿ."

ಪಕ್ಕದ ಮೇಜಿನ ಹೆಣ್ಣುಮಗಳು ಟೈಪು ಮಾಡುವುದನ್ನು ನಿಲ್ಲಿಸಿದಳು. ಸಾಹೇಬನ ಮುಖ ಕೆಂಪಾಯಿತು.

"ಹೌದಲ್ಲ, ನಿನ್ನ ಮೈಯೇನೋ ಅದು? ನಿನಗ್ಯಾಕ ಉರಿ? ಯಾರ ಮೈಯೋ ಅವರನ್ನ ಕರ್ಕೊಂಡ ಬಾ. ವಿಡಿಯೋನೂ ತಗೊಂಡ ಬಾ. ನಾವೆಲ್ಲಾ ಕುಂತು ನೋಡಬೇಕಾಕ್ಕೈತಿ, ಖರೇನೋ ಸುಳ್ಳೋ ಅಂತ. ಹೋಗು."

ಅರ್ಜಿಯನ್ನು ಮಡಚಿ ಕಿಸೆಗಿಟ್ಟುಕೊಂಡು ಅವನು ಬಸ್ ನಿಲ್ದಾಣದಲ್ಲಿ ಕೂತ. ಸುತ್ತ ನೂರಾರು ಮಂದಿ. ಕಾಗಿನೆಲೆಗೆ ಹೊರಟ ಮುದುಕರು, ಗಳಗನಾಥಕ್ಕೆ ಹೊಳೆಸ್ನಾನಕ್ಕೆ ಹೊರಟ ಹೆಂಗಸರು. ಹೊಳೆಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲಿ ನಿಲ್ಲುತ್ತಾರೆ. ಅಲ್ಲೂ ಈಗ ಕ್ಯಾಮೆರಾದ ಕಂಬ ನಿಲ್ಲಿಸಿದ್ದಾರೋ ಏನೋ. ಕೇಳಬೇಕೆನಿಸಿತು. ಯಾರನ್ನು ಕೇಳುವುದು? ಕೇಳಿದರೆ, ನೀನ್ಯಾಕ ಅಲ್ಲಿ ನೋಡಿದಿ, ಅನ್ನುತ್ತಾರೆ.

*

ಸೋಮವಾರ ಬೆಳಗ್ಗೆ ಅವನು ನಡೆದೇ ಬಂದ. ಜೋಳ ಕೊಯ್ದು ಬರಿದಾದ ಒಂದು ಹೊಲದಲ್ಲಿ ಬೆದರುಗೊಂಬೆ ಇನ್ನೂ ನಿಂತಿತ್ತು. ಹಕ್ಕಿ ಬರುವ ಕಾಲ ಮುಗಿದಿತ್ತು, ಕಾಯಲು ಕಾಳಿರಲಿಲ್ಲ. ಅವನು ಅದರ ತಲೆಯ ಗಡಿಗೆಯನ್ನು ಕಳಚಿ ಬಗಲಲ್ಲಿ ಹಿಡಿದುಕೊಂಡ.

ಗೋದಾಮಿನಲ್ಲಿ ಹೆಂಗಸರು ಆಗಲೇ ರಾಶಿಯ ಸುತ್ತ ಕೂತಿದ್ದರು. ಅವನು ಬಂದದ್ದನ್ನು ಕಂಡೂ ಯಾರೂ ತಲೆ ಎತ್ತಲಿಲ್ಲ. ಮಾತಿಲ್ಲದೆ ಮೂಲೆಗೆ ಹೋದ. ಒಳಗೆ ಯಾರೂ ಇಲ್ಲವೆಂದು ಎರಡು ಸಲ ಕೂಗಿ ಕೇಳಿ ಖಾತ್ರಿ ಮಾಡಿಕೊಂಡ. ಚೀಲದ ಥಪ್ಪಿಯನ್ನೇರಿ, ಬಿಳಿ ಬಲ್ಬು ಒಳಗೆ ಸೇರುವ ಹಾಗೆ ಗಡಿಗೆಯನ್ನು ಕೆಳಗಿನಿಂದ ಮುಚ್ಚಿ, ಸುತಳಿಯಿಂದ ಜಂತಿಗೆ ಬಿಗಿಯತೊಡಗಿದ. ಸುಣ್ಣದ ಎರಡು ಬೊಟ್ಟು ಹೆಂಗಸರ ಕಡೆ ನೋಡುತ್ತಿದ್ದವು.

"ಏನ್ ಮಾಡಾಕತ್ತೀಯೋ ಖೋಡಿ?" ಶೇಖವ್ವನಿಗೆ ತಡೆಯಲಾಗಲಿಲ್ಲ. "ಖಾಲಿ ಡಬ್ಬಿಗೆ ಟೊಪ್ಪಿಗಿ ಹೊಲಸ್ತೀ ಏನು?"

"ಥಂಡಿ ಹತ್ತೈತಿ ಕಾಣತೈತಿ ಅದಕ್ಕ," ಎಂದಳು ಇನ್ನೊಬ್ಬಳು.

"ಬಾಸಿಂಗಾನೂ ಕಟ್ಟೋ, ಮದಿವಿ ಮಾಡೂಣು!"

ಹೆಂಗಸರು ನಕ್ಕರು. ಶುಕ್ರವಾರದಿಂದ ಆ ಗೋದಾಮಿನಲ್ಲಿ ನಗು ಕೇಳಿರಲಿಲ್ಲ. ಗಂಗಾ ಕೂಡ ಬಟ್ಟೆಯೊಳಗೆ ನಕ್ಕಳು. ಜಟ್ಟೆಪ್ಪ ಕೊನೆಯ ಗಂಟು ಹಾಕಿ, ಕೈ ಝಾಡಿಸಿ, ಕೆಳಗೆ ಇಳಿಯತೊಡಗಿದ. ಅವನ ಕಾಲು ನೆಲ ಮುಟ್ಟಿರಲಿಲ್ಲ.

"ಏ ಜಟ್ಯಾ!"

ಗಡಿಗೆ ಕೂಗಿತು. ಬಾವಿಯೊಳಗಿಂದ ಬಂದ ಹಾಗೆ ಗುಮ್ಮೆನ್ನುವ ದನಿ. "ಏ ಸೂಳಿಮಗನ! ತಗೀಲೇ ಅದನ್ನ! ಏನ್ ಕವಿಚೀಯಲೇ? ಕತ್ತಲಗಟ್ಟೈತಿ, ಏನೂ ಕಾಣವಲ್ದು! ಏ, ಕೇಳಸ್ತೈತಿಲ್ಲೋ? ತಗೀ ಅಂದೆ!"

ನಗು ಎಲ್ಲಿತ್ತೋ ಅಲ್ಲೇ ಸತ್ತಿತು. ಹದಿನಾಲ್ಕು ಜನರ ಕೈಗಳು ರಾಶಿಯ ಮೇಲೆ ಹಾಗೇ ನಿಂತವು. ಯಾರದೋ ಬೆರಳಿನಿಂದ ಅರ್ಧ ಮುರಿದ ಕಾಯಿಯೊಂದು ಕೆಳಗೆ ಬಿತ್ತು. ಆ ಮೂಲೆಯಿಂದ ದನಿ ಬಂದದ್ದು ಅದೇ ಮೊದಲು. ಹಾವೇರಿಯ ಮನೆಯಲ್ಲಿ ಚಮಚ ತಟ್ಟೆಗೆ ಬಿದ್ದ ಸದ್ದೂ ಅದರ ಹಿಂದೆಯೇ ಬಂತು.

ಶೇಖವ್ವ ನಿಧಾನವಾಗಿ ತಲೆ ಎತ್ತಿ ಗಡಿಗೆಯನ್ನು ನೋಡಿದಳು. ಆಮೇಲೆ ತಗಡಿಗೆ ನೇತುಬಿದ್ದ ತನ್ನ ಎಣ್ಣೆಯ ಬಾಟಲಿಯನ್ನು ನೋಡಿದಳು.

ಜಟ್ಟೆಪ್ಪ ಅವರ ನಡುವಿನಿಂದಲೇ ಬಾಗಿಲಿಗೆ ಹೋಗಬೇಕಿತ್ತು. ಬೇರೆ ದಾರಿಯಿರಲಿಲ್ಲ. ಹೊರಟ. ಹಿಂದೆ ಗಡಿಗೆ ಅವನನ್ನೂ, ಅವನ ತಾಯಿಯನ್ನೂ, ಅವನ ಕುಲವನ್ನೂ ಒಂದೊಂದಾಗಿ ಹೆಸರಿಟ್ಟು ಕರೆಯುತ್ತಿತ್ತು. ಅವನು ಓಗೊಡಲಿಲ್ಲ.

ಗಂಗಾ ಎದ್ದು ನಿಂತಿದ್ದಳು. ಮುಖದ ಬಟ್ಟೆ ಕುತ್ತಿಗೆಗೆ ಜಾರಿತ್ತು.

"ಜಟ್ಟಣ್ಣ," ಎಂದಳು. ಗಡಿಗೆಯ ಕೂಗಿನ ನಡುವೆ ಅವಳ ದನಿ ಕೇಳಿದ್ದೇ ಹೆಚ್ಚು. "ಮೂರು ತಿಂಗಳದ್ದೂ ಐತೇನು? ಎಲ್ಲಾನೂ?"

ಅವನ ಹೆಜ್ಜೆ ಒಂದು ಗಳಿಗೆ ತಡೆಯಿತು. ಚೆಲ್ಲಿದ ನೀರೆಂದು ರಜಾಕ ಹೇಳಿದ್ದು ಅವನಿಗೆ ಗೊತ್ತಿತ್ತು. ಬಲ್ಬು ತಿರುವಿದ ಬೆರಳುಗಳಿಗೆ ಇನ್ನೂ ಗಡಿಗೆಯ ಮಸಿ ಮೆತ್ತಿತ್ತು. ಅದನ್ನು ಅಂಗಿಗೆ ಒರೆಸಿಕೊಂಡು, ತಲೆ ಎತ್ತದೆ, ಗೇಟಿನ ಗ್ವಾಡಿಯಪ್ಪನ ಕೆಳಗೆ ಹಾದು, ಮೆಣಸಿನ ಘಾಟು ತುಂಬಿದ ಬಿಸಿಲಿಗೆ ನಡೆದುಹೋದ.